ಬೇಡ ಅನ್ನುವ ಬಾಯಿಗೆ ಹೊಸ ರುಚಿ

ಎಂಟು ತಿಂಗಳಿದ್ದಾಗ ರಾಗಿ ಸರಿ, ಬೇಳೆಕಟ್ಟು, ಬೇಯಿಸಿ ಮಸೆದ ಕುಂಬಳಕಾಯಿ ಎಂದು ಕೊಟ್ಟಿದ್ದನ್ನೆಲ್ಲ ಚಪ್ಪರಿಸುತ್ತಿದ್ದ ಮಗು, ಎರಡು ವರ್ಷ ತುಂಬುವಷ್ಟರಲ್ಲಿ ಮೊಸರನ್ನ, ಬರೀ ದೋಸೆ, ಬಿಸ್ಕತ್ತು ಇಷ್ಟಕ್ಕೇ ಅಂಟಿಕೊಳ್ಳುತ್ತದೆ. ಸಾರಿನಲ್ಲಿ ಒಂದು ಕೊತ್ತಂಬರಿ ಎಲೆ ತೇಲಿದರೂ ತಟ್ಟೆ ದೂಡುತ್ತದೆ. ಮನೆಯವರಿಗೆ ಗಾಬರಿ ಶುರುವಾಗುವುದು ಆಗಲೇ. ದೃಷ್ಟಿಯಾಗಿರಬೇಕು ಎಂದು ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ. ಹಸಿವಾಗುವ ಟಾನಿಕ್ ಬರೆದುಕೊಡಿ ಎಂದು ಅಪ್ಪ ಡಾಕ್ಟರನ್ನು ಕೇಳುತ್ತಾರೆ.

ಹೆಚ್ಚಿನ ಮಕ್ಕಳಲ್ಲಿ ಇದು ಕಾಯಿಲೆಯಲ್ಲ, ವಯಸ್ಸಿನ ಗುಣ. ಎರಡರಿಂದ ಆರು ವರ್ಷದ ನಡುವೆ ಹೊಸ ಆಹಾರದ ಬಗ್ಗೆ ಅನುಮಾನ ಎಲ್ಲಕ್ಕಿಂತ ಹೆಚ್ಚು. ಆಗಷ್ಟೇ ನಡೆಯಲು ಕಲಿತು ತೋಟ, ಹಿತ್ತಲು ಸುತ್ತುವ ಮಗು ಕಂಡ ಕಾಯಿ, ಎಲೆಯನ್ನೆಲ್ಲ ಬಾಯಿಗೆ ಹಾಕಿಕೊಂಡರೆ ಅಪಾಯ ತಾನೆ? ಗೊತ್ತಿಲ್ಲದ್ದನ್ನು ಬೇಡ ಅನ್ನುವ ಗುಣ ಆ ಅಪಾಯದಿಂದ ಕಾಪಾಡಲು ಬೆಳೆದು ಬಂದಿರಬೇಕು ಎಂಬುದು ವಿಜ್ಞಾನಿಗಳ ವಿವರಣೆ. ಸಿಹಿಯನ್ನು ಮನುಷ್ಯ ಹುಟ್ಟಿನಿಂದಲೇ ಇಷ್ಟಪಡುತ್ತಾನೆ, ಕಹಿಗೆ ಮುಖ ಕಿವುಚುತ್ತಾನೆ. ಸೊಪ್ಪು, ಹಾಗಲಕಾಯಿ, ಮೂಲಂಗಿಗಳ ಗತಿ ಹೀಗಾಗುವುದು ಅದಕ್ಕೇ. ಇದರ ಜೊತೆಗೆ ಹಸಿವೂ ಸ್ವಲ್ಪ ಇಳಿದಿರುತ್ತದೆ. ಹುಟ್ಟಿದಾಗಿನ ತೂಕ ಮೊದಲ ವರ್ಷದಲ್ಲಿ ಹೆಚ್ಚುಕಡಿಮೆ ಮೂರು ಪಟ್ಟಾದರೆ, ಎರಡನೆಯ ವರ್ಷದಲ್ಲಿ ಸೇರುವುದು ಎರಡೂವರೆ ಕಿಲೋ ಆಸುಪಾಸು. ಬೆಳವಣಿಗೆಯ ವೇಗ ಇಳಿದಾಗ ಊಟವೂ ಇಳಿಯುತ್ತದೆ.

ಹಾಗಾದರೆ ಮಗು 'ಬೇಡ' ಅಂದಿದ್ದನ್ನು ಎಷ್ಟರಮಟ್ಟಿಗೆ ನಂಬಬೇಕು? ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ 1982ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ಪ್ರಶ್ನೆಗೆ ಇವತ್ತಿಗೂ ಒಳ್ಳೆಯ ಉತ್ತರ. ಎರಡು ವರ್ಷದ ಮಕ್ಕಳಿಗೆ ಅವರು ಕಂಡರಿಯದ ಚೀಸ್, ಹಣ್ಣುಗಳನ್ನು ಚೂರು ಚೂರಾಗಿ ರುಚಿ ನೋಡಲು ಕೊಟ್ಟರು. ಒಂದು ತಿನಿಸನ್ನು ಐದು ಸಲ, ಇನ್ನೊಂದನ್ನು ಹತ್ತು, ಮತ್ತೊಂದನ್ನು ಇಪ್ಪತ್ತು ಸಲ, ಹೀಗೆ. ಕೊನೆಗೆ ಆರಿಸಿಕೊಳ್ಳಲು ಬಿಟ್ಟಾಗ, ಹೆಚ್ಚು ಸಲ ಬಾಯಿಗೆ ಬಿದ್ದ ತಿನಿಸೇ ಹೆಚ್ಚು ಇಷ್ಟವಾಗಿತ್ತು. ಬರೀ ನೋಡಿದರೆ ಸಾಲದು, ನಾಲಿಗೆಗೆ ತಾಗಬೇಕು ಎಂದು ಅವರ ತಂಡ 1987ರಲ್ಲಿ ತೋರಿಸಿತು. ನಮ್ಮ ಮನೆಗಳಲ್ಲಿ ನಡೆಯುವುದೇ ಬೇರೆ. ಎರಡು ಸಲ ಉಗಿದರೆ ಸಾಕು, "ನಮ್ಮ ಪುಟ್ಟನಿಗೆ ಬೀಟ್‌ರೂಟ್ ಸೇರಲ್ಲ" ಎಂದು ತೀರ್ಪು ಬರೆದಾಯಿತು. ಆಮೇಲೆ ಅದು ಅವನ ತಟ್ಟೆಗೇ ಬರುವುದಿಲ್ಲ.

ಮಗು ಬೀಟ್‌ರೂಟ್ ಪಲ್ಯದ ಪರಿಚಯ ಮಾಡಿಕೊಳ್ಳುವುದನ್ನು ಒಮ್ಮೆ ಸುಮ್ಮನೆ ಕೂತು ನೋಡಿ. ಮೊದಲು ಬೆರಳಿನಿಂದ ಒತ್ತುತ್ತದೆ. ಬೆರಳು ಕೆಂಪಾಯಿತಲ್ಲ ಎಂದು ತಿರುಗಿಸಿ ನೋಡುತ್ತದೆ, ಅಂಗಿಗೆ ಒರೆಸುತ್ತದೆ. ಇನ್ನೊಂದು ದಿನ ಮೂಸುತ್ತದೆ, ನಾಲಿಗೆ ತುದಿ ತಾಗಿಸುತ್ತದೆ. ಮತ್ತೊಂದು ದಿನ ಬಾಯಿಗಿಟ್ಟು ಎರಡು ಸಲ ಅಗಿದು ಅಂಗೈಗೆ ಉಗಿಯುತ್ತದೆ. ಅಂಗಿಯ ಕಲೆ ಕಂಡು ನಮಗೆ ಸಿಟ್ಟು ಬರುವ ಹೊತ್ತಿಗೆ ಮಗು ಅರ್ಧ ದಾರಿ ಬಂದಿರುತ್ತದೆ. ಉಗಿದದ್ದೂ ರುಚಿ ನೋಡಿದ ಲೆಕ್ಕವೇ.

ಬರ್ಚ್ ಅವರ ಪ್ರಯೋಗಕ್ಕಿಂತ ಹಳೆಯ, ಅದಕ್ಕಿಂತ ವಿಚಿತ್ರವಾದ ಪ್ರಯೋಗ ಷಿಕಾಗೊದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್ ಅವರದು. 1920ರ ದಶಕದಲ್ಲಿ ಆರಂಭಿಸಿದ ಈ ಕೆಲಸದಲ್ಲಿ ಆಗತಾನೆ ಎದೆಹಾಲು ಬಿಡಿಸಿದ ಒಟ್ಟು 15 ಮಕ್ಕಳು ಇದ್ದರು. 34 ಬಗೆಯ ಆಹಾರದ ಪಟ್ಟಿ ಮಾಡಿ, ಅದರಲ್ಲಿ ಕೆಲವನ್ನು ಪ್ರತಿ ಊಟಕ್ಕೂ ಬೇರೆ ಬೇರೆ ಬಟ್ಟಲಲ್ಲಿ ಮುಂದಿಡುತ್ತಿದ್ದರು. ದಾದಿ ಚಮಚ ಹಿಡಿದು ಸುಮ್ಮನೆ ಕೂತಿರಬೇಕು. ಮಗು ಕೈಚಾಚಿ ತೋರಿಸಿದ ಬಟ್ಟಲಿನಿಂದ ಮಾತ್ರ ತಿನ್ನಿಸಬೇಕು. ತಿನ್ನು ಅನ್ನುವಂತಿಲ್ಲ, ಬಿಟ್ಟರೆ ಮುಖ ಸಿಂಡರಿಸುವಂತಿಲ್ಲ. ಮೊದಮೊದಲು ಮಕ್ಕಳು ಬಟ್ಟಲು, ಟ್ರೇ ಅಂಚು, ಅದರ ಮೇಲಿನ ಕಾಗದವನ್ನೂ ಕಚ್ಚಿ ನೋಡಿದವು. ಕೆಲವನ್ನು ಉಗಿದವು. ಕೆಲವೇ ದಿನಗಳಲ್ಲಿ ತಮಗೆ ಬೇಕಾದ್ದನ್ನು ಗುರುತಿಸಿ ತಿನ್ನತೊಡಗಿದವು, ಚೆನ್ನಾಗಿ ಬೆಳೆದವು. ಇದನ್ನು ಓದಿ 'ಮಗು ಕೇಳಿದ್ದನ್ನೇ ಕೊಡಿ' ಎಂದು ಹಾರಾಡಿದವರು ಬಹಳ. ಡೇವಿಸ್ 1939ರಲ್ಲಿ ತಾವೇ ಗುಟ್ಟು ಹೇಳಿದರು: ಪಟ್ಟಿಯಲ್ಲಿ ಸಕ್ಕರೆಯಾಗಲಿ ಡಬ್ಬಿ ತಿಂಡಿಯಾಗಲಿ ಇರಲಿಲ್ಲ, ಇದ್ದದ್ದೆಲ್ಲ ತಾಜಾ, ಸರಳ ಆಹಾರ. ಅದರಲ್ಲಿ ಯಾವುದನ್ನು ಆರಿಸಿದರೂ ನಷ್ಟವಿಲ್ಲ. ಅಂದರೆ ಏನು ಅಡುಗೆ, ಎಷ್ಟು ಹೊತ್ತಿಗೆ ಎಂಬುದು ದೊಡ್ಡವರ ಕೆಲಸ. ಅದರಲ್ಲಿ ಯಾವುದು, ಎಷ್ಟು ಎಂಬುದು ಮಗುವಿನ ಕೆಲಸ. ಪಕ್ಕದಲ್ಲಿ ಚಿಪ್ಸ್ ಪೊಟ್ಟಣ ಇಟ್ಟು ಆಯ್ಕೆ ನಿನ್ನದು ಅಂದರೆ ಹೀರೆಕಾಯಿ ಗೆಲ್ಲುವುದು ಹೇಗೆ?

ನಾವು ಸಾಮಾನ್ಯವಾಗಿ ಹಿಡಿಯುವ ದಾರಿಗಳು ಮೂರು: ಒತ್ತಾಯ, ಲಂಚ, ಉಪದೇಶ. ಮೂರೂ ತಿರುಗುಬಾಣ. ಸೂಪ್ ಮುಗಿಸು ಎಂದು ಮತ್ತೆ ಮತ್ತೆ ಹೇಳಿಸಿಕೊಂಡ ಮಕ್ಕಳು, ಏನೂ ಹೇಳದೆ ಬಿಟ್ಟಾಗ ಕುಡಿದದ್ದಕ್ಕಿಂತ ಕಡಿಮೆ ಕುಡಿದರು ಎಂದು 2006ರ ಒಂದು ಅಧ್ಯಯನ ಹೇಳಿತು. ಪಲ್ಯ ತಿಂದರೆ ಚಾಕೊಲೇಟ್ ಎಂದಾಗ ಮಗುವಿನ ಲೆಕ್ಕದಲ್ಲಿ ಪಲ್ಯ ಶಿಕ್ಷೆ, ಚಾಕೊಲೇಟ್ ಬಹುಮಾನ. ಇನ್ನು ಉಪದೇಶ. ಬೆಂಡೆಕಾಯಿ ತಿಂದರೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಕೇಳದೆ ಬೆಳೆದ ಕನ್ನಡದ ಮಗು ಇದೆಯೇ? 2014ರಲ್ಲಿ ಅಮೆರಿಕದ ಸಂಶೋಧಕಿಯರಿಬ್ಬರು ಹೆಚ್ಚುಕಡಿಮೆ ಇದನ್ನೇ ಪರೀಕ್ಷಿಸಿದರು. ಕ್ಯಾರೆಟ್ ತಿಂದರೆ ನೂರರವರೆಗೆ ಎಣಿಸಲು ಬರುತ್ತದೆ ಎಂಬ ಕಥೆ ಕೇಳಿದ ಪುಟ್ಟ ಮಕ್ಕಳು ಕ್ಯಾರೆಟ್ಟನ್ನು ಕಡಿಮೆ ತಿಂದರು. ಉಪಯೋಗವಿದೆ ಅಂದಮೇಲೆ ರುಚಿ ಇರಲಾರದು ಎಂದು ಮಕ್ಕಳು ತರ್ಕ ಮಾಡುತ್ತಾರೆ. ನಾವೂ ಕಷಾಯದ ವಿಷಯದಲ್ಲಿ ಮಾಡುವುದು ಅದೇ ತರ್ಕ.

ಕೆಲಸ ಮಾಡುವುದು ಕೈ ಮತ್ತು ಸಹವಾಸ. ಹಳೆ ಮೈಸೂರು ಕಡೆ ಡಿಸೆಂಬರ್, ಜನವರಿಯ ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳನ್ನು ಹಿತುಕುವುದಕ್ಕೆ ಮನೆಮಂದಿಯೆಲ್ಲ ಕೂರುತ್ತಾರೆ. ಮಗುವಿಗೂ ಒಂದು ಹಿಡಿ ಕೊಡಿ. ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಯಾರದೋ ಮಡಿಲಿಗೆ ಬೀಳುತ್ತದೆ, ನಗು. ತಾನು ಹಿತುಕಿದ ಬೇಳೆ ಸಾರಿನಲ್ಲಿ ಬಂದಾಗ ಮಗು ಅದನ್ನು ಹುಡುಕುತ್ತದೆ. ಸೊಪ್ಪು ಬಿಡಿಸುವುದು, ಬಟಾಣಿ ಸುಲಿಯುವುದು ಎಲ್ಲವೂ ಹೀಗೆಯೇ. ಸಹವಾಸಕ್ಕೂ ಅಷ್ಟೇ ಬಲ: ತರಕಾರಿಯೊಂದನ್ನು ಇಷ್ಟಪಡದ ಮಗುವನ್ನು ಅದನ್ನೇ ಇಷ್ಟಪಡುವ ಗೆಳೆಯರ ಜೊತೆ ನಾಲ್ಕು ದಿನ ಊಟಕ್ಕೆ ಕೂರಿಸಿದಾಗ ಆಯ್ಕೆ ಬದಲಾದುದನ್ನು ಬರ್ಚ್ 1980ರಲ್ಲೇ ದಾಖಲಿಸಿದ್ದರು. ಮನೆಯಲ್ಲಿ ಬೇಡ ಅಂದ ಪಲ್ಯವನ್ನು ಮಗು ಅಂಗನವಾಡಿಯಲ್ಲಿ ತಿಂದು ಬಂದರೆ ಅಚ್ಚರಿಪಡಬೇಕಾಗಿಲ್ಲ.

ಬಡಿಸುವಾಗ ಹೊಸದು ಉಗುರಿನಷ್ಟೇ ಇರಲಿ, ಪಕ್ಕದಲ್ಲಿ ಮಗುವಿಗೆ ಗೊತ್ತಿರುವ ಮೊಸರನ್ನವೋ ಚಪಾತಿಯೋ ಇರಲಿ. ಊಟಕ್ಕೆ ಮುಂಚೆ ದೊಡ್ಡ ಲೋಟ ಹಾಲು ಬೇಡ, ಹಸಿವು ಅಲ್ಲೇ ಮುಗಿಯುತ್ತದೆ. ಮೊಬೈಲು ಕೊಟ್ಟು ತಿನ್ನಿಸಿದರೆ ತಟ್ಟೆ ಖಾಲಿಯಾದೀತು, ಆದರೆ ತಿಂದದ್ದೇನೆಂದು ಮಗುವಿಗೆ ತಿಳಿಯದ ಮೇಲೆ ಪರಿಚಯ ಎಲ್ಲಿ ಆಯಿತು? ಒಂದು ವರ್ಷದೊಳಗೆ ಜೇನುತುಪ್ಪ ಬೇಡ. ಇಡೀ ಕಡಲೆಕಾಯಿ ಬೀಜ, ಕತ್ತರಿಸದ ದ್ರಾಕ್ಷಿ ಪುಟ್ಟ ಮಕ್ಕಳ ಗಂಟಲಿಗೆ ಅಪಾಯ. ತೂಕ ಏರದಿದ್ದರೆ, ಪ್ರತಿ ಊಟಕ್ಕೂ ಕೆಮ್ಮು, ವಾಂತಿ ಬರುತ್ತಿದ್ದರೆ, ತಿನ್ನುವ ಪದಾರ್ಥಗಳು ಬರಬರುತ್ತಾ ಕಡಿಮೆಯಾಗುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಕೊನೆಯದಾಗಿ ಮನೆಯ ಹಿರಿಯರಲ್ಲಿ ಒಂದು ವಿನಂತಿ. ನಿಮಗೆ ಬದನೆಕಾಯಿ ಸೇರದಿದ್ದರೆ ಮಗುವಿನ ಎದುರು "ಇವತ್ತೂ ಬದನೆಕಾಯಾ?" ಎಂದು ಮುಖ ಹುಳ್ಳಗೆ ಮಾಡಬೇಡಿ. ಒಂದು ಹೋಳು ಬಡಿಸಿಕೊಂಡು ತಿನ್ನಿ.