ಗರಿಗರಿ ಚೀಸ್ ಸ್ಯಾಂಡ್‌ವಿಚ್: ರುಚಿಯೂ ಆರೋಗ್ಯವೂ

ಮುಂಬಯಿಯ ಬೀದಿಗಳಲ್ಲಿ ಸಂಜೆಯ ಹೊತ್ತು ಸ್ಯಾಂಡ್‌ವಿಚ್ ಮಾರುವವನ ಸುತ್ತ ಜನ ನೆರೆಯುವುದು ಹೊಸ ಸಂಗತಿಯೇನಲ್ಲ. ಉದ್ದ ಹಿಡಿಕೆಯ ಅಲ್ಯೂಮಿನಿಯಂ ಅಚ್ಚಿನಲ್ಲಿ ಬ್ರೆಡ್ಡನ್ನಿಟ್ಟು, ಬೆಂಕಿಯ ಮೇಲೆ ಮಗುಚಿ ಮಗುಚಿ ಸುಡುವ ಆತನ ಕೈಚಳಕ ಮನೆಯಲ್ಲಿ ಸಾಧಿಸದೆಂದು ಅನೇಕರ ನಂಬಿಕೆ. ವಾಸ್ತವವಾಗಿ ದೋಸೆಯ ಕಾವಲಿಯೊಂದಿದ್ದರೆ ಸಾಕು. ಮೇಲಾಗಿ ಬೆಣ್ಣೆ, ಉಪ್ಪುಗಳ ಹತೋಟಿ ಮನೆಯವರ ಕೈಯಲ್ಲಿಯೇ ಉಳಿಯುತ್ತದೆ. ರಕ್ತದೊತ್ತಡವುಳ್ಳ ಹಿರಿಯರೂ ಬೆಳೆಯುವ ಮಕ್ಕಳೂ ಒಂದೇ ತಿಂಡಿ ತಿನ್ನುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಗರಿಗರಿತನದ ಶತ್ರು ನೀರು. ಬ್ರೆಡ್ಡಿನ ಮೇಲ್ಮೈಯಲ್ಲಿ ತೇವವಿರುವ ತನಕ ಅದರ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ತೇವ ಆರಿ, ಶಾಖ ಸುಮಾರು 140 ಡಿಗ್ರಿಗೆ ಏರಿದಾಗ ಸಕ್ಕರೆಯ ಅಂಶಗಳೂ ಪ್ರೋಟೀನಿನ ಅಮೈನೋ ಆಮ್ಲಗಳೂ ಕೂಡಿ ಹೊಂಬಣ್ಣವನ್ನೂ ಪರಿಮಳವನ್ನೂ ಕೊಡುತ್ತವೆ. ಫ್ರಾನ್ಸಿನ ವಿಜ್ಞಾನಿ ಮೈಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆಯೇ ದೋಸೆಯ ಕೆಂಪಿಗೂ ಕಾರಣ. ಆದ್ದರಿಂದ ಅಂದೇ ತಂದ ಮೆತ್ತನೆಯ ಬ್ರೆಡ್ಡಿಗಿಂತ ಒಂದು ದಿನ ಕಳೆದದ್ದು ಮೇಲು.

ನಿಘಂಟುಗಳು ಚೀಸನ್ನು ಗಿಣ್ಣು ಎನ್ನುತ್ತವೆ. ಆದರೆ ಕನ್ನಡಿಗರಿಗೆ ಗಿಣ್ಣೆಂದರೆ ಈದ ಹಸುವಿನ ಮೊದಲ ಹಾಲಿನದು, ಆ ರುಚಿಯೇ ಬೇರೆ. ಸ್ಯಾಂಡ್‌ವಿಚ್ಚಿಗೆ ಸಾಮಾನ್ಯವಾಗಿ ಬಳಸುವುದು ಸಂಸ್ಕರಿಸಿದ ಚೀಸ್. ಅದಕ್ಕೆ ಸಿಟ್ರೇಟ್ ಅಥವಾ ಫಾಸ್ಫೇಟ್ ಲವಣಗಳನ್ನು ಸೇರಿಸಿರುವುದರಿಂದ ಜಿಡ್ಡು ಬೇರೆಯಾಗದೆ ಒಂದೇ ಸಮನೆ ಕರಗುತ್ತದೆ. ಹುಳಿಯಿಂದ ಹಾಲನ್ನು ಒಡೆದು ಮಾಡಿದ ಪನೀರು ಎಷ್ಟು ಕಾಯಿಸಿದರೂ ಹೀಗೆ ಕರಗದು. ತುರಿದ ಚೀಸ್ ಗಟ್ಟಿ ತುಂಡಿಗಿಂತ ಬೇಗ ಕರಗುವುದರಿಂದ ಬ್ರೆಡ್ಡು ಸೀಯುವ ಭಯ ಕಡಿಮೆ.

ಮೆತ್ತಗಾದ ಬೆಣ್ಣೆಯನ್ನು ಬ್ರೆಡ್ಡಿನ ಹೊರಮೈಗೆ ಅಂಚಿನವರೆಗೂ ತೆಳುವಾಗಿ ಸವರಬೇಕು. ಒಂದು ಸ್ಯಾಂಡ್‌ವಿಚ್ಚಿಗೆ ಎರಡು ಚಿಕ್ಕ ಚಮಚ ಧಾರಾಳವಾಯಿತು. ತುಪ್ಪದಲ್ಲಿ ನೀರಿಲ್ಲ, ಬೇಗ ಕರಿಕಾಗುವ ಹಾಲಿನ ಅಂಶವೂ ಇಲ್ಲ; ಅದು ಇನ್ನೂ ಚೆನ್ನು. ಪುದೀನ ಚಟ್ನಿ ಹಚ್ಚುವುದಾದರೆ ನೀರು ಹಾಕದೆ ಗಟ್ಟಿಯಾಗಿ ಅರೆಯಬೇಕು. ಟೊಮೇಟೊವಿನ ತಿರುಳು ತೆಗೆದು, ಸೌತೆಯ ಬಿಲ್ಲೆಗಳನ್ನು ಬಟ್ಟೆಯಲ್ಲಿ ಒತ್ತಿ ಇಡಬೇಕು. ಕಾವಲಿ ಸಣ್ಣ ಉರಿಯಲ್ಲಿರಲಿ. ಮೊದಲ ಮಗ್ಗುಲು ಬೇಯುವಾಗ ಒಂದೆರಡು ನಿಮಿಷ ಮುಚ್ಚಳವಿಟ್ಟರೆ ಚೀಸ್ ಕರಗುತ್ತದೆ. ಮಗುಚಿದ ಮೇಲೆ ಮುಚ್ಚಳ ಕೂಡದು, ಆವಿ ಗರಿಯನ್ನು ಕೆಡಿಸುತ್ತದೆ.

ಹೊಂಬಣ್ಣಕ್ಕೆ ನಿಲ್ಲಿಸುವುದು ರುಚಿಗಾಗಿ ಮಾತ್ರವಲ್ಲ. ಪಿಷ್ಟವುಳ್ಳ ಆಹಾರವನ್ನು ಅತಿಯಾಗಿ ಸುಟ್ಟಾಗ ಅಕ್ರಿಲಮೈಡ್ ಎಂಬ ವಸ್ತು ಉಂಟಾಗುವುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಅದು ಕ್ಯಾನ್ಸರ್‌ಕಾರಕವಾಗಿರಬಹುದೆಂಬ ಶಂಕೆಯಿದೆ. ಕಪ್ಪಾದ ಭಾಗವನ್ನು ಕೆರೆದು ತೆಗೆಯುವುದು ಲೇಸು.

ನಿಜವಾದ ಎಚ್ಚರಿಕೆ ಬೇಕಾದದ್ದು ಉಪ್ಪಿನ ವಿಷಯದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರ ದಿನದ ಉಪ್ಪು 5 ಗ್ರಾಮಿಗಿಂತ ಕಡಿಮೆಯಿರಬೇಕು. ಬ್ರೆಡ್ಡು, ಚೀಸ್, ಉಪ್ಪು ಬೆರೆತ ಬೆಣ್ಣೆ ಇವಿಷ್ಟರಿಂದಲೇ ಒಂದು ಸ್ಯಾಂಡ್‌ವಿಚ್ಚಿನಲ್ಲಿ ಸುಮಾರು ಒಂದೂವರೆ ಗ್ರಾಂ ಆಗಿಬಿಡುತ್ತದೆ. ಅದರ ಮೇಲೆ ಚಟ್ನಿ, ಮಸಾಲೆ ಪುಡಿ! ರಕ್ತದೊತ್ತಡವುಳ್ಳವರಿಗೆ ಮನೆಯ ಬೆಣ್ಣೆ, ಉಪ್ಪಿಲ್ಲದ ಚಟ್ನಿ, ಅರ್ಧ ಪಾಲು ಚೀಸ್ ಸಾಕು. ಹಾಗೆಂದು ಮಕ್ಕಳಿಗೆ ಚೀಸನ್ನು ನಿಷೇಧಿಸಬೇಕಾಗಿಲ್ಲ; ಕ್ಯಾಲ್ಸಿಯಂ, ಪ್ರೋಟೀನುಗಳು ಅದರಲ್ಲಿ ಹೇರಳವಾಗಿವೆ.

ಬ್ರೆಡ್ಡಿನ ಕಂದು ಬಣ್ಣವನ್ನು ನಂಬಿ ಮೋಸಹೋಗಬಾರದು. ಕೆಲವೊಮ್ಮೆ ಅದು ಸುಟ್ಟ ಸಕ್ಕರೆಯ ಬಣ್ಣ ಮಾತ್ರ. ಗೋಧಿ ಹಿಟ್ಟಿನ ಪಾಲೆಷ್ಟೆಂದು ಲಕೋಟೆಯ ಮೇಲೆ ಓದಬೇಕು. ಬ್ರೆಡ್ಡಿಗೆ ಬೆರೆಸಲಾಗುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ಭಾರತದಲ್ಲಿ 2016ರಲ್ಲಿ ನಿಷೇಧಿಸಲಾಯಿತು.

ಶಾಲೆಯ ಡಬ್ಬಿಗೆ ಹಾಕುವುದಾದರೆ ಸ್ಯಾಂಡ್‌ವಿಚ್ಚನ್ನು ತಟ್ಟೆಯ ಮೇಲಿಡದೆ ತಂತಿಯ ಜಾಲರಿಯ ಮೇಲೆ ಹತ್ತು ನಿಮಿಷ ಆರಿಸಿ, ಅನಂತರವೇ ಮುಚ್ಚಳ ಹಾಕಬೇಕು.