ಚೇಣಿಗೆ ಹೋದ ಹಾಡುಗಳು

ಮಲೆನಾಡಿನಲ್ಲಿ ಅಡಕೆ ತೋಟವನ್ನು ಚೇಣಿಗೆ ಕೊಡುವ ಪದ್ಧತಿಯುಂಟು. ಫಸಲು ಚೇಣಿದಾರನಿಗೆ, ತೋಟ ಮಾತ್ರ ಒಡೆಯನದೇ. ಹಾಡುಗಳನ್ನೂ ಹೀಗೆ ಚೇಣಿಗೆ ಕೊಡಬಹುದೆಂದು 1997ರಲ್ಲಿ ತೋರಿಸಿದವರು ಬ್ರಿಟನ್ನಿನ ರಾಕ್ ಗಾಯಕ ಡೇವಿಡ್ ಬೋವಿ.

ಹಾಡಿನ ಮುದ್ರಿಕೆ ಮಾರಾಟವಾದಾಗ, ಅದು ರೇಡಿಯೊದಲ್ಲಿ ಬಂದಾಗ, ಜಾಹೀರಾತಿಗೆ ಬಳಕೆಯಾದಾಗ ಹಕ್ಕುದಾರರಿಗೆ ಸಲ್ಲುವ ಪಾಲೇ ರಾಯಲ್ಟಿ. ಬೋವಿ 1990ಕ್ಕೆ ಮೊದಲಿನ ತಮ್ಮ 25 ಆಲ್ಬಂಗಳ ರಾಯಲ್ಟಿಯನ್ನು ಆಧಾರವಾಗಿಟ್ಟು ಬಾಂಡ್ ಹೊರತಂದರು. ಅಮೆರಿಕದ ಪ್ರುಡೆನ್ಶಿಯಲ್ ವಿಮಾ ಕಂಪನಿ ಅಷ್ಟನ್ನೂ 5.5 ಕೋಟಿ ಡಾಲರಿಗೆ ಕೊಂಡಿತು. ಬಡ್ಡಿ ಶೇ. 7.9. ಬಂದ ಹಣದಲ್ಲಿ ಒಂದು ಭಾಗವನ್ನು ಕೊಟ್ಟು ಬೋವಿ, ಹಳೆಯ ಮ್ಯಾನೇಜರ್ ಕೈಯಲ್ಲಿದ್ದ ತಮ್ಮ ಹಾಡುಗಳ ಪಾಲನ್ನು ಬಿಡಿಸಿಕೊಂಡರು.

ಹೂಡಿಕೆ ನಿಶ್ಚಿಂತೆಯದೇನೂ ಆಗಿರಲಿಲ್ಲ. ಇಂಟರ್‌ನೆಟ್‌ನಲ್ಲಿ ಹಾಡು ಪುಕ್ಕಟೆ ಸಿಗತೊಡಗಿದ ಮೇಲೆ ಮುದ್ರಿಕೆಗಳ ವ್ಯಾಪಾರ ಕುಸಿಯಿತು. 2004ರಲ್ಲಿ ಮೂಡೀಸ್ ಸಂಸ್ಥೆ ಈ ಬಾಂಡಿನ ದರ್ಜೆಯನ್ನು ಇಳಿಸಿತು. ಆದರೂ 2007ರಲ್ಲಿ ಸಾಲ ತೀರಿ, ರಾಯಲ್ಟಿ ಬೋವಿಯವರಿಗೆ ಮರಳಿತು.

ಬೋವಿ 2016ರಲ್ಲಿ ತೀರಿಕೊಂಡರು. ಅವರ ಗೀತೆಗಳ ಪ್ರಕಟಣಾ ಹಕ್ಕನ್ನು 2022ರಲ್ಲಿ ವಾರ್ನರ್ ಚಾಪೆಲ್ ಕಂಪನಿ ಖರೀದಿಸಿತು. ಇದು ಚೇಣಿಯಲ್ಲ, ಕ್ರಯ.

ಹಣ ಹೂಡುವವರು ಗಮನಿಸಬೇಕಾದುದು ಈ ವ್ಯತ್ಯಾಸವನ್ನೇ. ಕೊಳ್ಳುತ್ತಿರುವುದು ಸಾಹಿತ್ಯ-ಸಂಗೀತದ ಹಕ್ಕೋ, ಧ್ವನಿಮುದ್ರಣದ ಹಕ್ಕೋ, ಕೆಲವು ವರ್ಷಗಳ ವರಮಾನವೋ? ಭಾರತದಲ್ಲಂತೂ ಇನ್ನೊಂದು ಕಟ್ಟುಪಾಡಿದೆ. 2012ರ ಕೃತಿಸ್ವಾಮ್ಯ ತಿದ್ದುಪಡಿಯ ಪ್ರಕಾರ, ಚಿತ್ರಗೀತೆ ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ ಸಮಪಾಲುಂಟು. ಆ ಪಾಲನ್ನು ಅವರು ನಿರ್ಮಾಪಕರಿಗೆ ಬರೆದುಕೊಟ್ಟರೂ ಊರ್ಜಿತವಾಗದು. ಕನ್ನಡದ ಚಿತ್ರಕವಿಗೂ ಈ ರಕ್ಷಣೆಯುಂಟು.