ಗುಂಡು ಎಲ್ಲಿ ಹೋಗಿ ನಿಲ್ತದ?

ಯೂಟ್ಯೂಬ್‌ನಲ್ಲಿ ಒಂದು ಬಗೆಯ ವಿಡಿಯೋಗಳಿವೆ. ನೋಡೋಕೆ ಕೂತರೆ ಎರಡು ತಾಸು ಹೋದದ್ದೇ ಗೊತ್ತಾಗಲ್ಲ. ಅಮೆರಿಕದ ಯಾವುದೋ ಶೆಡ್. ಒಬ್ಬಾತ ನಳಿಗೆ ಒಂದು ಕಡೆಯಿಂದ, ಹಿಡಿಕೆ ಇನ್ನೊಂದು ಕಡೆಯಿಂದ ತರಿಸಿ ತನ್ನ ಹೆಗಲಿಗೆ ಹೊಂದುವಂಥ ಬೇಟೆ ರೈಫಲ್ ಕಟ್ಟುತ್ತಾನೆ. ತೋಟಾ ಕೂಡ ಅಂಗಡಿಯದಲ್ಲ, ಒಂದೊಂದನ್ನೂ ತಾನೇ ತೂಗಿ ತುಂಬಿದ್ದು. ಕೊನೆಗೆ ಗುಡ್ಡದ ಮೇಲೆ ಬೋರಲು ಮಲಗಿ 600 ಮೀಟರ್ ಆಚೆಯ ಕಬ್ಬಿಣದ ತಟ್ಟೆಗೆ ಹೊಡೀತಾನೆ. ಒಂದು, ಎರಡು ಅಂತ ಎಣಿಸುವಷ್ಟು ಹೊತ್ತಾದ ಮೇಲೆ ‘ಠಣ್’ ಅಂತ ಸದ್ದು ಬರುತ್ತೆ.

ಶರಣಸಿರಸಗಿಯಲ್ಲಿರೋ ನನ್ನ ಕಾಕಾನ ಮಗನೂ ಇವನ್ನೇ ನೋಡ್ತಾನೆ. ಆದರೆ ಮಜಾಕ್ಕಲ್ಲ. ಮುಂಗಾರಿನಲ್ಲಿ ಮೊಳಕೆ ಒಡೆದ ತೊಗರಿಗೆ ಚಿಗರಿ ಹಿಂಡು ಬೀಳುತ್ತೆ, ಹಿಂಗಾರಿ ಜೋಳಕ್ಕೆ ಹಂದಿ ನುಗ್ಗುತ್ತೆ. ಎರಡು ವರ್ಷದಿಂದ ಅವನು ರಾತ್ರಿ ಸರಿಯಾಗಿ ಮಲಗಿಲ್ಲ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಫೋನ್ ಮುಂದೆ ಹಿಡಿದು ಕೇಳಿದ: “ಅಣ್ಣಾ, ನೀ ಬೆಂಗಳೂರಾಗ ರೈಫಲ್ ಹೊಡಿಲಾಕ ಹೋಗ್ತಿ ಅಲ್ಲ. ಇಂಥಾದೊಂದು ಮಾಡಸ್ಲಾಕ ಎಷ್ಟ್ ಬೀಳ್ತದ? ತೋಟಾ ನಾವೇ ತುಂಬ್ಕೊಂಡ್ರ ಅಗ್ಗ ಆಗ್ತದಿಲ್ಲ?”

ನಾನು ಶನಿವಾರ ಹೊಡೆಯೋದು ಹತ್ತು ಮೀಟರ್ ಏರ್ ರೈಫಲ್. ಅದಕ್ಕೂ ಇದಕ್ಕೂ ಅಜಗಜಾಂತರ. ಆದರೆ ನಿದ್ದೆಗೆಟ್ಟ ರೈತ ಕೇಳಿದ ಪ್ರಶ್ನೆಯನ್ನು ‘ಸುಮ್ನಿರಪಾ’ ಅಂತ ತಳ್ಳಿಹಾಕೋದು ಸರಿ ಅನಿಸಲಿಲ್ಲ. ಎರಡು ಸಂಜೆ ಕೂತು ಮಾತಾಡಿದ್ವಿ. ಆ ಮಾತುಗಳೇ ಈ ಬರಹ.

ಹೇಳಿ ಮಾಡಿಸಿದ ಬಂದೂಕು ಅಂದರೆ ಏನು?

ಅಂಗಡಿಯ ರೆಡಿಮೇಡ್ ಅಂಗಿಗೂ ದರ್ಜಿ ಅಳತೆ ತಗೊಂಡು ಹೊಲಿದ ಅಂಗಿಗೂ ಇರುವ ವ್ಯತ್ಯಾಸವೇ ಇದು. ನಳಿಗೆಯ ಒಳಗೆ ಸುರುಳಿ ಗಾಡಿಗಳಿರುತ್ತವೆ. ಗುಂಡು ಅವುಗಳಲ್ಲಿ ತಿರುಗುತ್ತಾ ಹೊರಬರುತ್ತೆ, ಹಾಗಾಗಿ ಬುಗುರಿಯ ಹಾಗೆ ನೆಟ್ಟಗೆ ಹೋಗುತ್ತೆ. ಆ ಸುರುಳಿ ಗುಂಡಿನ ಉದ್ದಕ್ಕೆ, ತೂಕಕ್ಕೆ ಹೊಂದಬೇಕು. ಹಿಡಿಕೆ ನಿಮ್ಮ ತೋಳಿನ ಉದ್ದಕ್ಕೆ ಹೊಂದಬೇಕು. ಟ್ರಿಗರ್ ಪ್ರತಿಸಲ ಒಂದೇ ಭಾರಕ್ಕೆ ಬಿಡಬೇಕು.

ತೋಟಾದ್ದೂ ಇದೇ ಕಥೆ. ಹಿತ್ತಾಳೆ ಕವಚ, ಕಿಡಿ ಹಚ್ಚುವ ಪ್ರೈಮರ್, ಮದ್ದು, ಗುಂಡು, ಹೀಗೆ ನಾಲ್ಕೇ ಭಾಗ. ಒಂದೇ ಕಂಪನಿಯ ಎರಡು ನಳಿಗೆಗಳಿಗೂ ಒಂದೇ ತೋಟಾ ಒಪ್ಪುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಅದಕ್ಕೇ ಆ ದೇಶಗಳ ಹವ್ಯಾಸಿಗಳು ಮದ್ದನ್ನು ಗ್ರೇನ್ ಅನ್ನೋ ಅಳತೆಯಲ್ಲಿ, ಅದರ ಹತ್ತರಲ್ಲೊಂದು ಭಾಗದ ತನಕ ತೂಗುತ್ತಾರೆ. ಒಂದು ಗ್ರೇನ್ ಅಂದರೆ ಸುಮಾರು 0.065 ಗ್ರಾಂ. ಅಕ್ಕಸಾಲಿಗನ ತಕ್ಕಡಿಯ ಹಾಗೆ ಸೂಕ್ಷ್ಮ ಅನ್ನಿ. ಹೆಚ್ಚು ಶಕ್ತಿ ಬೇಕು ಅಂತ ಅವರು ತೂಗೋದಲ್ಲ. ನಿನ್ನೆಯ ಈಡಿಗೂ ಇವತ್ತಿನ ಈಡಿಗೂ ವ್ಯತ್ಯಾಸ ಇರಬಾರದು, ಅಷ್ಟೇ. ಅಳತೆ ತಪ್ಪಿದರೆ ನಳಿಗೆಯ ಹಿಂಭಾಗ ಮುಖದ ಹತ್ತಿರವೇ ಒಡೆಯಬಹುದು.

“ಅಂದ್ರ ಇದು ಅಗ್ಗದ ಹಾದಿ ಅಲ್ಲ?” ಅಂದ ತಮ್ಮ.

ಅಲ್ಲವೇ ಅಲ್ಲ. ಇದು ಹಟದ ಹಾದಿ.

ಒಂದು ಸೆಕೆಂಡಿನಲ್ಲಿ ಏನಾಗುತ್ತೆ?

ಲೆಕ್ಕ ಹಾಕೋಣ ಬಾ ಅಂದೆ. ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಟ ಗುಂಡು ಗಾಳಿಯ ತಡೆಗೆ ದಾರಿಯುದ್ದಕ್ಕೂ ನಿಧಾನ ಆಗ್ತಾ ಹೋಗುತ್ತೆ. 300 ಮೀಟರ್ ಮುಟ್ಟೋಕೆ ಸುಮಾರು 0.4 ಸೆಕೆಂಡ್ ಬೇಕು. ಅಷ್ಟರಲ್ಲಿ ಭೂಮಿ ಅದನ್ನು ಮುಕ್ಕಾಲು ಮೀಟರ್ ಕೆಳಗೆ ಎಳೆದಿರುತ್ತೆ. 600 ಮೀಟರ್‌ಗೆ ಹೆಚ್ಚುಕಡಿಮೆ 0.9 ಸೆಕೆಂಡ್; ಇಳಿತ ಸುಮಾರು 4 ಮೀಟರ್. ದೂರ ಎರಡು ಪಟ್ಟಾದರೆ ಇಳಿತ ಐದು ಪಟ್ಟು! ಮದ್ದಿನ ವ್ಯತ್ಯಾಸದಿಂದ ವೇಗ ಸೆಕೆಂಡಿಗೆ 10 ಮೀಟರ್ ಏರುಪೇರಾದರೆ ಅಲ್ಲಿ ಗುಂಡು ಸುಮಾರು 10 ಸೆಂಟಿಮೀಟರ್ ಮೇಲೋ ಕೆಳಗೋ ಬೀಳುತ್ತೆ. ಗಾಳಿಯ ಲೆಕ್ಕ ಬೇರೆಯೇ.

ಕಬ್ಬಿಣದ ತಟ್ಟೆ ನಿಂತಲ್ಲೇ ನಿಂತಿರುತ್ತೆ. ಆದರೆ ಚಿಗರಿ? 0.9 ಸೆಕೆಂಡಿನಲ್ಲಿ ಅದು ಒಂದು ಹೆಜ್ಜೆ ಮುಂದಿಟ್ಟರೆ ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತೆ. ಆ ಪ್ರಾಣಿ ಸಾಯೋಕೆ ತಾಸುಗಟ್ಟಲೆ ಬೇಕಾಗುತ್ತೆ. ಬೇಟೆಗೆ ಅನುಮತಿ ಇರುವ ದೇಶಗಳಲ್ಲೂ ‘ಎಷ್ಟು ದೂರ ಹೊಡೆಯಬಲ್ಲೆ’ ಅನ್ನೋದಕ್ಕಿಂತ ‘ಎಷ್ಟು ದೂರದಾಚೆ ಹೊಡೆಯಬಾರದು’ ಅನ್ನೋ ಚರ್ಚೆಯೇ ದೊಡ್ಡದು. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳನ್ನು ಓದಿದವರಿಗೆ ಗೊತ್ತು: ಆತನ ಹತ್ತಿರ ಇದ್ದದ್ದು .405 ವಿಂಚೆಸ್ಟರ್. ರಾತ್ರಿಯೆಲ್ಲ ಮರದ ಮೇಲೆ ಕಾದು ಹತ್ತಿರದಿಂದ ಹೊಡೆಯುತ್ತಿದ್ದ ಮನುಷ್ಯ ಆತ.

ಹನ್ನೆರಡು ಗಜದ ತೋಪು

ದೂರಕ್ಕೆ ಹೊಡೆಯೋ ಆಸೆ ನಮ್ಮೂರಿಗೇನೂ ಹೊಸದಲ್ಲ. ಮರುದಿನ ಇಬ್ಬರೂ ಬೈಕ್ ಹತ್ತಿ ಕಲಬುರಗಿ ಕೋಟೆಗೆ ಹೋದ್ವಿ. ಅಲ್ಲಿರೋ ‘ಬಾರಾ ಗಜಿ ತೋಪ್’ನ ಹೆಸರಲ್ಲೇ ಅಳತೆ ಇದೆ: ಹನ್ನೆರಡು ಗಜ. ಸುಮಾರು 29 ಅಡಿ ಉದ್ದ. ನಳಿಗೆ ಉದ್ದ ಇದ್ದಷ್ಟೂ ಮದ್ದಿನ ಹೊಗೆ ಗುಂಡನ್ನು ಹೆಚ್ಚು ಹೊತ್ತು ನೂಕುತ್ತೆ. ಆ ಕಾಲದವರ ಲೆಕ್ಕ ತಪ್ಪಲ್ಲ. ಆದರೆ ಒಳಗೆ ಸುರುಳಿ ಇಲ್ಲದ ತೋಪಿನ ಗುಂಡು ಸಡಿಲವಾಗಿ ಕೂರುತ್ತೆ, ಗುರಿ ಪಕ್ಕಾ ಇರಲ್ಲ. ಪಕ್ಕದ ವಿಜಯಪುರದ ಮಲಿಕ್-ಎ-ಮೈದಾನ್ ಇದಕ್ಕೆ ತದ್ವಿರುದ್ಧ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಉದ್ದ ಹದಿನಾಲ್ಕು ಅಡಿಯ ಆಸುಪಾಸು, ಆದರೆ ತೂಕ ಸುಮಾರು 55 ಟನ್. ಎರಡೂ ಇಡೀ ಸೈನ್ಯದತ್ತ ಹೊಡೆಯೋಕೆ ಮಾಡಿದ್ದು. ಗುಂಡು ಯಾರಿಗೆ ತಗುಲಿತು ಅನ್ನೋ ಪ್ರಶ್ನೆ ಅಲ್ಲಿ ಬರಲ್ಲ.

ಹೊಲದಲ್ಲಿ ಮಾತ್ರ ಆ ಪ್ರಶ್ನೆ ಬಂದೇ ಬರುತ್ತೆ. ನಮ್ಮದು ಎರೆ ನೆಲದ ಬಯಲು. ಗುಂಡಿಗೆ ಅಡ್ಡ ಆಗೋಕೆ ಗುಡ್ಡ ಇಲ್ಲ. ತೊಗರಿ ಸಾಲಿನ ಆಚೆ ಇನ್ನೊಬ್ಬರ ಹೊಲ, ಅದರಾಚೆ ರಸ್ತೆ, ಅದರಾಚೆ ಮನೆ. ಪುಟ್ಟ .22 ಗುಂಡು ಕೂಡ ಒಂದೂವರೆ ಕಿಲೋಮೀಟರ್ ಆಚೆಗೂ ಅಪಾಯ. ಬೇಟೆ ರೈಫಲ್ಲಿನ ಗುಂಡು ಅದಕ್ಕಿಂತ ಎಷ್ಟೋ ದೂರ ಹೋಗುತ್ತೆ. ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಎರಡು ಕಣ್ಣು ಹೊಳೆದವು ಅಂತ ಹೊಡೆದರೆ, ಹಿಂದೆ ನೀರು ಹಾಯಿಸೋಕೆ ಬಂದ ಪಕ್ಕದ ಹೊಲದವರು ಇದ್ದರೆ?

ಊಟದ ಹೊತ್ತಲ್ಲಿ ಇದನ್ನು ಕೇಳಿಸಿಕೊಂಡ ಕಾಕಾ ಒಂದೇ ಮಾತು ಅಂದ್ರು: “ನಾವು ಕವಣಿ ಬೀಸುವಾಗೂ ಕಲ್ಲು ಎಲ್ಲಿ ಬೀಳ್ತದ ಅಂತ ಮೊದ್ಲು ನೋಡ್ತಿದ್ವಿ ತಮ್ಮಾ. ಗುಂಡು ಎಲ್ಲಿ ಹೋಗಿ ನಿಲ್ತದ ಅಂತ ಗೊತ್ತಿಲ್ದವ ಬಂದೂಕು ಮುಟ್ಟಬಾರ್ದು.”

ನನ್ನ ಅರ್ಧ ತಾಸಿನ ಭಾಷಣಕ್ಕಿಂತ ಅದು ಚೆನ್ನಾಗಿ ನಾಟಿತು.

ಕಾನೂನು ಏನು ಹೇಳುತ್ತೆ?

ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಪರವಾನಗಿ ಇಲ್ಲದೆ ಬಂದೂಕು ಅಥವಾ ತೋಟಾ ತಯಾರಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ‘ವಿಡಿಯೋ ನೋಡಿ ಮಾಡಿದೆ’ ಅನ್ನೋದು ಸಮಜಾಯಿಷಿ ಆಗಲ್ಲ.

ಬೆಳೆ ರಕ್ಷಣೆಗೆ ಪರವಾನಗಿ ಪಡೆಯೋ ದಾರಿ ಅದೇ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿದೆ. ಆದರೆ ಅಲ್ಲಿ ಹೇಳಿರೋದು ಬಾಯಿಯಿಂದ ಮದ್ದು ತುಂಬುವ ಹಳೇ ಕೋವಿ. ಅದು ಸಾಲದು ಅಂತ ಅಧಿಕಾರಿಗೆ ಅನಿಸಿದರೆ ಸುರುಳಿ ಇಲ್ಲದ ನಳಿಗೆಯ ಬಂದೂಕು. ದೂರದ ರೈಫಲ್ ಅಲ್ಲ. ಹತ್ತಿರದಲ್ಲಿ ಸದ್ದು ಮಾಡಿ ಓಡಿಸೋಕೆ ಅಷ್ಟೇ ಸಾಕು ಅನ್ನೋ ಲೆಕ್ಕ ಇರಬೇಕು.

“ಮತ್ತ ಕೊಡಗಿನವ್ರಿಗಿ ಲೈಸೆನ್ಸೇ ಬೇಡಂತಲ್ಲ?”

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ, ನಿಜ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಸದ್ಯದ ಅಧಿಸೂಚನೆ 2029ರ ತನಕ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿಯಿಟ್ಟು ಪಂದ್ಯ ಆಡ್ತಾರೆ. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳೋಕೆ, ಬೇಟೆಗಲ್ಲ.

ಬೇಟೆ ಯಾರಿಗೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ, ಅಂದರೆ ನಮ್ಮ ಚಿಗರಿ, ಮೊದಲನೇ ಪಟ್ಟಿಯಲ್ಲಿದೆ. ಅದನ್ನು ಕೊಂದರೆ 3ರಿಂದ 7 ವರ್ಷ ಜೈಲು. ಕೊಲ್ಲೋದಷ್ಟೇ ಅಲ್ಲ, ಗಾಯ ಮಾಡೋದು, ಬಲೆ ಹಾಕೋದು, ಅದಕ್ಕೆ ಪ್ರಯತ್ನ ಪಡೋದೂ ಬೇಟೆಯೇ. ಹಂದಿಯನ್ನೂ ಅಧಿಕಾರಿಯ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ.

ಹತ್ತು ಮೀಟರ್ ಸಾಕು

ಗುರಿಯ ಹುಚ್ಚು ನಿಜವಾಗಿ ಇದ್ದವರಿಗೆ ದಾರಿ ಮುಚ್ಚಿಲ್ಲ. 4.5 ಮಿಲಿಮೀಟರ್‌ನ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ ಪರವಾನಗಿ ಬೇಡ. ಹತ್ತು ಮೀಟರ್ ಪಂದ್ಯದಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಹೊಡೆಯುವ ಪೆಲೆಟ್ ಅದರ ಒಂಬತ್ತು ಪಟ್ಟು ದಪ್ಪ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಕೊನೆಯ ಹೊಡೆತ 10.8.

ವಿಡಿಯೋದ ಆ ಅಮೆರಿಕನ್ನನ ಹಟ ಇಲ್ಲೂ ಇದೆ. ಪೆಲೆಟ್ ಡಬ್ಬಿಯ ಮೇಲೆ 4.49, 4.50, 4.51 ಅಂತ ಬರೆದಿರುತ್ತೆ. ನೂರರಲ್ಲೊಂದು ಮಿಲಿಮೀಟರ್ ವ್ಯತ್ಯಾಸ. ನಾನು ರೈಫಲ್ಲನ್ನು ಸ್ಟ್ಯಾಂಡಿಗೆ ಬಿಗಿದು ನಾಲ್ಕು ಡಬ್ಬಿ ಪರೀಕ್ಷೆ ಮಾಡಿದೆ. ಮೂರು ಚದುರಿದವು, ನಾಲ್ಕನೆಯದರ ಐದೂ ಹೊಡೆತ ಒಂದೇ ತೂತಿನಲ್ಲಿ ಕೂತವು. ಅದೇನೂ ದುಬಾರಿ ಡಬ್ಬಿ ಅಲ್ಲ, ನನ್ನ ನಳಿಗೆಗೆ ಒಪ್ಪಿದ್ದು ಅಷ್ಟೇ. ಇಲ್ಲಿ ಪ್ರತಿ ಗುಂಡೂ ಎಲ್ಲಿ ನಿಲ್ಲುತ್ತೆ ಅಂತ ಮೊದಲೇ ಗೊತ್ತು: ಗುರಿಯ ಹಿಂದಿನ ಕಬ್ಬಿಣದ ಪೆಟ್ಟಿಗೆಯಲ್ಲಿ. ಒಂದು ಎಚ್ಚರ: ಇದೇ ಏರ್ ರೈಫಲ್ಲಿನಿಂದ ಪ್ರಾಣಿಗೆ ಹೊಡೆದರೂ ಅದು ಬೇಟೆಯೇ.

ಹಾಗಾದರೆ ಹೊಲದ ಗತಿ? ಪಹಣಿ, ಆಧಾರ್, ಹಾಳಾದ ಬೆಳೆಯ ಫೋಟೋ ಹಿಡ್ಕೊಂಡು ಅರಣ್ಯ ಇಲಾಖೆಗೆ ಹೋಗಿ ಪರಿಹಾರಕ್ಕೆ ಅರ್ಜಿ ಹಾಕಿ ಬಂದ್ವಿ. ಪರಿಹಾರದ ದುಡ್ಡು ನಿದ್ದೆ ತಂದುಕೊಡಲ್ಲ, ಗೊತ್ತು. ಆದರೆ ಆ ವಾರವೇ ತಮ್ಮ ಸುತ್ತಲಿನ ಐದು ಹೊಲದವರನ್ನು ಕೂಡಿಸಿ ಪಾಳಿ ಮೇಲೆ ಕಾಯೋ ವ್ಯವಸ್ಥೆ ಮಾಡಿದ. ಅವನ ಪಾಲಿಗೆ ಈಗ ಐದು ರಾತ್ರಿಗೊಂದು ಪಾಳಿ. ಉಳಿದ ನಾಲ್ಕು ರಾತ್ರಿ ಮಲಗ್ತಾನೆ.

ಮೊನ್ನೆ ಫೋನ್ ಮಾಡಿ, “ಬೆಂಗಳೂರಿಗಿ ಬಂದಾಗ ನಿನ್ನ ರೈಫಲ್ ಒಮ್ಮೆ ಕೊಡ್ತಿಯೇನ್ ಅಣ್ಣಾ?” ಅಂದ. ಬಾರಪಾ, ಆ ನಾಲ್ಕನೇ ಡಬ್ಬಿಯಲ್ಲಿ ಇನ್ನೂ ಪೆಲೆಟ್ ಉಳಿದಾವ ಅಂದೆ.